ರಸ್ಟಿಕಸ್ ಯಾವ ಸೆಕ್ಷನ್ನಿನವನು?

ನಿನ್ನೆ ಪುಸ್ತಕದಂಗಡಿಗೆ ಹೋಗಿ ಬಿಪಿ ಏರಿಸಿಕೊಂಡು ಬಂದೆ. ಮಾರ್ಕಸ್ ಅರೇಲಿಯಸ್‌ನ 'ಮೆಡಿಟೇಷನ್ಸ್' ಎಲ್ಲಿತ್ತು ಅಂದ್ಕೊಂಡ್ರಿ? ಬೆಳಿಗ್ಗೆ ಐದಕ್ಕೆ ಏಳೋದು ಹೇಗೆ, ಬೇಗ ದುಡ್ಡು ಮಾಡೋದು ಹೇಗೆ ಅನ್ನೋ ಎರಡು ಪುಸ್ತಕಗಳ ಮಧ್ಯೆ. ಪಾಪ, ರೋಮ್ ಚಕ್ರವರ್ತಿ! ಅತ್ತ ಕೊನೇ ಮೂಲೆಯಲ್ಲಿ, 'ಧರ್ಮ' ಅಂತ ಬೋರ್ಡ್ ಇರೋ ಕಡೆ, ವ್ರತಕಥೆಗಳ ಕೆಳಗೆ ಆದಿ ಕ್ರೈಸ್ತ ಹುತಾತ್ಮರ ವಿಚಾರಣೆಗಳ ಸಂಪುಟವೊಂದು ಧೂಳು ತಿನ್ನುತ್ತಿತ್ತು. ಎತ್ತಿ ತಂದು ಮಾರ್ಕಸ್ ಪಕ್ಕ ಇಟ್ಟೆ. ಅಂಗಡಿ ಹುಡುಗ ಬಂದು, "ಮೇಡಂ, ಅದು ಈ ಸೆಕ್ಷನ್ ಅಲ್ಲ" ಅಂತ ವಾಪಸ್ ಒಯ್ದ.

ಅಲ್ಲ ಕಣ್ರೀ, ಎರಡರಲ್ಲೂ ಇರೋದು ಒಬ್ಬನೇ ಮನುಷ್ಯ!

ಜೂನಿಯಸ್ ರಸ್ಟಿಕಸ್. ಸ್ಟೋಯಿಕ್ ತತ್ವಜ್ಞಾನಿ (ಕಷ್ಟಸುಖಕ್ಕೆ ಅಲುಗದೆ ಸಮಚಿತ್ತದಿಂದ ಬಾಳಬೇಕು ಅನ್ನೋ ಪಂಥದವನು), ಮಾರ್ಕಸ್‌ನ ಗುರು. ಪತ್ರ ಸರಳವಾಗಿ ಬರೆಯೋದು, ಯಾವುದನ್ನೂ ಮೇಲೆ ಮೇಲೆ ಓದಿ ಬಿಡದೆ ಆಳವಾಗಿ ಓದೋದು, ಸಿಟ್ಟು ಮಾಡಿಕೊಂಡವರು ರಾಜಿಗೆ ಬಂದರೆ ತಕ್ಷಣ ಒಪ್ಪಿಕೊಳ್ಳೋದು, ಇದೆಲ್ಲ ಅವನಿಂದ ಕಲಿತೆ ಅಂತ ಮಾರ್ಕಸ್ ನೆನೆಯುತ್ತಾನೆ. ಇನ್ನೊಬ್ಬ ಸ್ಟೋಯಿಕ್ ಗುರು ಎಪಿಕ್ಟೆಟಸ್‌ನ ಮಾತುಗಳ ಪ್ರತಿಯನ್ನು ತನ್ನ ಮನೆಯಿಂದಲೇ ತಂದು ಶಿಷ್ಯನಿಗೆ ಕೊಟ್ಟವನು ಈ ರಸ್ಟಿಕಸ್.

ಇದೇ ರಸ್ಟಿಕಸ್ ಮುಂದೆ ರೋಮ್ ನಗರದ ಅಧಿಕಾರಿಯಾದ. ಕ್ರಿ.ಶ. 165ರ ಸುಮಾರಿಗೆ ಅವನೆದುರು ಜಸ್ಟಿನ್ ಎನ್ನುವ ಕ್ರೈಸ್ತನನ್ನು ತಂದು ನಿಲ್ಲಿಸಿದರು. ಜಸ್ಟಿನ್ ಕೂಡ ತತ್ವಜ್ಞಾನಿಯೇ. ಸ್ಟೋಯಿಕ್ ಮೇಷ್ಟರ ಹತ್ತಿರ ಹೋಗಿದ್ದ, ದೇವರ ವಿಷಯ ಅಲ್ಲಿ ಸಿಗಲಿಲ್ಲ. ಅರಿಸ್ಟಾಟಲನ ಕಡೆಯವನು ನಾಲ್ಕು ದಿನಕ್ಕೇ ಫೀಸ್ ಮಾತು ತೆಗೆದ (ಆಗಲೂ!). ಪೈಥಾಗರಸ್‌ನ ಕಡೆಯವನು ಮೊದಲು ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಅಂದ. ಕೊನೆಗೆ ಪ್ಲೇಟೋ ಹಿಡಿಸಿತು. ಅಲ್ಲಿಂದ ಕ್ರಿಸ್ತನ ಕಡೆಗೆ ಬಂದ. ಬಂದ ಮೇಲೂ ತತ್ವಜ್ಞಾನಿಗಳ ಮೇಲುಹೊದಿಕೆ ಬಿಡಲಿಲ್ಲ.

ಎಲ್ಲಿ ಸೇರುತ್ತೀರಿ ಅಂತ ರಸ್ಟಿಕಸ್ ಕೇಳಿದ. ಒಂದು ಸ್ನಾನದ ಮನೆಯ ಮಹಡಿ ಮೇಲೆ ನನ್ನ ವಾಸ, ಬಂದವರಿಗೆ ಅಲ್ಲೇ ಹೇಳಿಕೊಡುತ್ತೇನೆ ಅಂದ ಜಸ್ಟಿನ್. ತಲೆ ಕಡಿಸಿದರೆ ಸ್ವರ್ಗಕ್ಕೆ ಹೋಗ್ತೀನಿ ಅಂದ್ಕೊಂಡಿದ್ದೀಯಾ? ಅಂದ್ಕೊಂಡಿಲ್ಲ, ಗೊತ್ತು. ಜಸ್ಟಿನ್‌ಗೂ ಜೊತೆಗಿದ್ದ ಆರು ಜನರಿಗೂ ಶಿರಚ್ಛೇದ.

ಶಿಷ್ಯನಿಗೆ ಸಮಾಧಾನ ಕಲಿಸಿದ ಬಾಯಲ್ಲೇ ಆ ತೀರ್ಪು. ಈಗ ಹೇಳಿ, ಇವನು ಯಾವ ಸೆಕ್ಷನ್?

ಗೆಳತಿಗೆ ಫೋನಿನಲ್ಲಿ ಕೂಗಾಡಿದೆ. "ತತ್ವಜ್ಞಾನ ಬೇರೆ, ಧರ್ಮ ಬೇರೆ ಅನ್ನೋ ಗೆರೆ ಎಳೆದಿದ್ದು ಚರ್ಚಿನವರೇ ಅಲ್ವೇನೇ? ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ ಅಂತ ಟೆರ್ಟುಲಿಯನ್ ಕೇಳಲಿಲ್ವಾ?" ಅಂದಳು. ಕೇಳಿದ, ನಿಜ. ಆ ಆದಿ ಕ್ರೈಸ್ತ ಲೇಖಕನ ಮಾತಿನಲ್ಲಿ ಅಥೆನ್ಸ್ ಅಂದ್ರೆ ತತ್ವಜ್ಞಾನ, ಜೆರುಸಲೇಮ್ ಅಂದ್ರೆ ಕ್ರೈಸ್ತ ನಂಬಿಕೆ. ಆದರೆ ಅದೇ ಟೆರ್ಟುಲಿಯನ್ ಸ್ಟೋಯಿಕ್ ತತ್ವಜ್ಞಾನಿ ಸೆನೆಕಾನನ್ನು 'ಹಲವು ಸಲ ನಮ್ಮವನೇ' ಅಂತಾನೆ. ಆತ್ಮದ ಬಗ್ಗೆ ಬರೆಯುವಾಗ ಸ್ಟೋಯಿಕರಿಂದ ಧಾರಾಳವಾಗಿ ಸಾಲ ತಗೋತಾನೆ. ತತ್ವಜ್ಞಾನಿಗಳ ಆ ಹೊದಿಕೆ ತಾನೂ ಹೊದ್ದು, ಅದರ ಮೇಲೇ ಒಂದು ಪುಸ್ತಕ ಬರೆದಿದ್ದಾನೆ. ಬಾಯಲ್ಲಿ ಗೆರೆ ಎಳೆದ, ಅಷ್ಟೇ. ಮೈ ಮೇಲೆ ಅಥೆನ್ಸೇ ಇತ್ತು.

ಇನ್ನು ನನ್ನ ಬಣ್ಣವನ್ನೂ ಬಯಲು ಮಾಡಿಬಿಡ್ತೀನಿ. ಒಂದು ಕೆಟ್ಟ ವರ್ಷ ನನಗೆ ನಿದ್ದೆಯೇ ಬರ್ತಿರಲಿಲ್ಲ. ಆಗ 'ಮೆಡಿಟೇಷನ್ಸ್' ಕೊಂಡಿದ್ದು ನಾನೂ ಇದೇ ಐದು ಗಂಟೆಗೆ ಏಳುವವರ ರ‍್ಯಾಕಿನಿಂದ. ಮೊದಲನೇ ಅಧ್ಯಾಯ ಬರೀ ಥ್ಯಾಂಕ್ಸ್ ಲಿಸ್ಟ್ ಅಂತ ಹಾರಿಸಿಬಿಟ್ಟಿದ್ದೆ. ರಸ್ಟಿಕಸ್ ಇರೋದೇ ಅಲ್ಲಿ, ಏಳನೆಯವನು.

ರಾತ್ರಿ ಆ ಹಳೇ ಪ್ರತಿ ತೆಗೆದು ನೋಡಿದೆ. ನನ್ನ ಪೆನ್ಸಿಲ್ ಗೆರೆಗಳು ಶುರುವಾಗೋದೇ ಎರಡನೇ ಅಧ್ಯಾಯದಿಂದ. ಹಿಂದಕ್ಕೆ ತಿರುವಿ ರಸ್ಟಿಕಸ್ ಹೆಸರಿನ ಪಕ್ಕ 'ಜಸ್ಟಿನ್, ಸುಮಾರು 165' ಅಂತ ಬರೆದಿಟ್ಟೆ.