ಆರ್ಗನ್ ಮುಂದೆ ಕೂತ ಗಿಟಾರ್ ಕೈ

ಬೆಳಿಗ್ಗೆ ಬೆಳಿಗ್ಗೆ ಮತ್ತೊಂದು ರೀಲ್. ಬ್ರಿಟನ್ನಿನ ರಾಕ್ ತಂಡ ಯೂರಿಯಾ ಹೀಪ್‌ನ ‘ಜುಲೈ ಮಾರ್ನಿಂಗ್’. ಕೀಬೋರ್ಡಿನ ‘ರಾಕ್ ಆರ್ಗನ್’ ಪ್ರೀಸೆಟ್ (ಸಿದ್ಧ ದನಿ) ಒತ್ತಿ, ಹತ್ತೂ ಬೆರಳು ಹರಡಿ, ಬೆರಳೆತ್ತಿದರೂ ಸ್ವರವನ್ನು ಹಿಡಿದಿಡುವ ಸಸ್ಟೇನ್ ಪೆಡಲ್ ಮೇಲೆ ಬಲಗಾಲು ಊರಿ ಒಬ್ಬ ಮಹಾಶಯ ನುಡಿಸುತ್ತಿದ್ದಾನೆ. ಮೇಲೆ ‘ಕೆನ್ ಹೆನ್ಸ್ಲಿ ಟೋನ್’ ಅಂತ ಬೋರ್ಡು ಬೇರೆ! ಸ್ವಾಮಿ, ಅದು ಹೆನ್ಸ್ಲಿ ಟೋನ್ ಅಲ್ಲ, ಕಲಸುಮೇಲೋಗರ.

ಆ ತಂಡದಲ್ಲಿ ಆರ್ಗನ್ ನುಡಿಸುತ್ತಿದ್ದ ಈ ಹೆನ್ಸ್ಲಿ ಮೂಲದಲ್ಲಿ ಗಿಟಾರಿಗ ಕಣ್ರೀ. ‘ದಿ ಗಾಡ್ಸ್’ ತಂಡದಲ್ಲಿ ಗಿಟಾರಿಗೆ ಆಗಲೇ ಮಿಕ್ ಟೇಲರ್ ಇದ್ದ (ಹೌದು, ಆಮೇಲೆ ರೋಲಿಂಗ್ ಸ್ಟೋನ್ಸ್ ಸೇರಿದವನೇ). ಅದಕ್ಕೇ ಇವನು ಹ್ಯಾಮಂಡ್ ಬಿ3 ಆರ್ಗನ್ ಮುಂದೆ ಕೂತ. ಯೂರಿಯಾ ಹೀಪ್‌ಗೆ ಬಂದರೆ ಅಲ್ಲೂ ಗಿಟಾರಿಗೆ ಮಿಕ್ ಬಾಕ್ಸ್. 1980ರಲ್ಲಿ ತಂಡ ಬಿಡುವವರೆಗೂ ಆರ್ಗನ್, ನಡುನಡುವೆ ಸ್ಲೈಡ್ ಗಿಟಾರ್, ಜೊತೆಗೆ ಹಾಡುಗಳ ದೊಡ್ಡ ಪಾಲನ್ನು ಬರೆದವನೂ ಅವನೇ. ಎರಡೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ‘ಲೇಡಿ ಇನ್ ಬ್ಲ್ಯಾಕ್’ ಬರೆದು ಹಾಡಿದ್ದೂ ಅವನೇ. ಆಮೇಲೆ ಬ್ಲ್ಯಾಕ್‌ಫುಟ್, ಆ ತಂಡದಲ್ಲಿ ಎರಡು ಆಲ್ಬಮ್, ಅಷ್ಟೇ.

1972ರ ‘ಈಸಿ ಲಿವಿನ್’ ಕೇಳಿ. ಮೂರು ನಿಮಿಷವೂ ಇಲ್ಲ. ಆರ್ಗನ್ ಅಲ್ಲಿ ರಿದಂ ಗಿಟಾರಿನ ಹಾಗೆ ಕುದುರೆ ಓಡಿಸುತ್ತದೆ. ಈ ಜಾತಿಯ, ಮತ್ತೆ ಮತ್ತೆ ಬರುವ ರಿಫ್‌ಗೆ ಎಡಗೈಯಲ್ಲಿ ಸ–ಪ ಸಾಕು, ಗಾಂಧಾರ ಬೇಡ. ಡಿಸ್ಟಾರ್ಷನ್ (ದನಿಯನ್ನು ಬೇಕೆಂದೇ ಒರಟಾಗಿಸುವುದು) ಹೊಕ್ಕ ಕೂಡಲೇ ಎರಡು ಸ್ವರ ಸೇರಿ ಇನ್ನಷ್ಟು ಸ್ವರ ಹುಟ್ಟಿಸುತ್ತವೆ. ಸ–ಪ ಹಿಡಿದರೆ ಅಡಿಯಲ್ಲಿ ಹುಟ್ಟುವುದು ಮಂದ್ರದ ಸ, ದನಿ ದಪ್ಪಗಾಗುತ್ತದೆ. ಕೀಬೋರ್ಡಿನ ಗಾಂಧಾರವೋ ಶುದ್ಧ ಶ್ರುತಿಗಿಂತ ಒಂದಿಷ್ಟು ಏರಿರುತ್ತದೆ. ಅದರಿಂದ ಹುಟ್ಟಿದ್ದು ಸ ಜೊತೆ ಕಿತ್ತಾಡುತ್ತದೆ. ಕೆಸರು ಬರುವುದೇ ಅಲ್ಲಿಂದ.

ಇನ್ನು ಆ ಸಸ್ಟೇನ್ ಪೆಡಲ್! ಬಿ3ಗೆ ಅದು ಇಲ್ಲವೇ ಇಲ್ಲ. ಬಲಗಾಲಡಿ ಇರುವುದು ವಾಲ್ಯೂಮ್ ಪೆಡಲ್. ಪಿಯಾನೋದ ಸ್ವರ ತಾನಾಗಿ ಆರುತ್ತದೆ, ಆರ್ಗನ್ನಿನದು ಆರುವುದಿಲ್ಲ. ಅದಕ್ಕೆ ಸಸ್ಟೇನ್ ಒತ್ತಿದರೆ ಹಿಂದಿನ ಕಾರ್ಡ್ ಪೂರ್ತಿ ಜೋರಿನಲ್ಲೇ ಮುಂದಿನದರ ಮೈಮೇಲೆ ಬೀಳುತ್ತದೆ. ಸ್ವರ ಕೂಡಿಸಬೇಕಾದರೆ ಕೀಲಿ ಬಿಡದೆ ಬೆರಳು ಬದಲಿಸುವುದನ್ನು ಕಲಿಯಬೇಕು, ಬೇರೆ ದಾರಿಯಿಲ್ಲ.

‘ಬಿ3 ಎರಡು ಕ್ವಿಂಟಾಲ್ ತೂಗುತ್ತೆ ಸಾರ್, ಎಲ್ಲಿಂದ ತರೋಣ?’ ಅಂತೀರಿ. ಯಾರು ತರಲು ಹೇಳಿದರು? ಎಷ್ಟೋ ಕೀಬೋರ್ಡುಗಳಲ್ಲೇ, ದನಿಯ ಪದರಗಳನ್ನು ಏರಿಳಿಸುವ ಒಂಬತ್ತು ಡ್ರಾಬಾರ್‌ಗಳ ಚಿತ್ರವಿರುತ್ತದೆ. ಎಡದ ಮೂರನ್ನು ಪೂರ್ತಿ ಎಳೆಯಿರಿ, ಉಳಿದ ಆರು ಒಳಗಿರಲಿ. ಸೋಲೋಗೆ ನಾಲ್ಕನೆಯದನ್ನೂ ಎಳೆಯಿರಿ. ಪರ್ಕಷನ್ (ಸ್ವರದ ಆರಂಭಕ್ಕೆ ‘ಟಕ್’ ಸೇರಿಸುವ ಸ್ವಿಚ್) ಹಾಕಿದಾಗ ಒಂಬತ್ತನೆಯದು ಮೂಕವಾದರೆ ಕೀಬೋರ್ಡ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯಬೇಡಿ, ಬಿ3ಯ ವೈರಿಂಗೇ ಹಾಗೆ. ಪರ್ಕಷನ್ನಿನ ‘ಟಕ್’ ಪ್ರತಿ ಸ್ವರಕ್ಕೂ ಬೇಕೆಂದರೆ ಹಿಂದಿನ ಕೀಲಿಯಿಂದ ಬೆರಳು ಪೂರ್ತಿ ಏಳಬೇಕು. ಲೆಸ್ಲಿಯನ್ನು (ತಿರುಗುವ ಸ್ಪೀಕರ್) ಹಾಡಿಡೀ ವೇಗದಲ್ಲಿ ತಿರುಗಿಸಬೇಡಿ. ನಿಧಾನದಲ್ಲಿಟ್ಟು, ಕಾರ್ಡ್ ಹಿಡಿದೇ ಇರುವಾಗ ವೇಗಕ್ಕೆ ಹಾಕಿ. ಅದರೊಳಗಿನ ಹಾರ್ನ್ ಮೊದಲು ಓಡಿ, ಕೆಳಗಿನ ಭಾರದ ಡ್ರಮ್ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದಲ್ಲ, ನನ್ನ ಜೀವ ಇರುವುದೇ ಆ ಕೆಲವು ಸೆಕೆಂಡುಗಳಲ್ಲಿ.

ಹಾಂ, ರೀಲಿನ ಕೊನೆ ಹೇಳುವುದೇ ಮರೆತೆ. ‘ಜುಲೈ ಮಾರ್ನಿಂಗ್’ ಹಾಡಿನ ತುದಿಯಲ್ಲಿ ಸುತ್ತಿ ಸುತ್ತಿ ಬರುವ ಮಿನಿಮೂಗ್ ಸಿಂಥಸೈಜರ್ ಹೆನ್ಸ್ಲಿಯದಲ್ಲ, ಅತಿಥಿಯಾಗಿ ಬಂದ ಮ್ಯಾನ್‌ಫ್ರೆಡ್ ಮ್ಯಾನ್ ನುಡಿಸಿದ್ದು. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುವ ವಾದ್ಯ ಅದು. ನಮ್ಮ ಮಹಾಶಯ ಅದರಲ್ಲೂ ಮೂರು ಬೆರಳಿನ ಕಾರ್ಡ್ ಹಿಡಿದಿದ್ದಾನೆ.