ಸತ್ಯಾಂಶ: ಹಳೆಯದಾದಷ್ಟೂ ವಿಸ್ಕಿ ರುಚಿಯೇ?

"ವಿಸ್ಕಿಗೆ ವಯಸ್ಸಾದಷ್ಟೂ ರುಚಿ ಜಾಸ್ತಿ, ಬಾಟಲಿಯನ್ನು ಬೀರುವಿನಲ್ಲಿ ಇಟ್ಟಷ್ಟೂ ಒಳ್ಳೆಯದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತದೆ. ಎರಡೂ ಮಾತು ಸರಿಯಲ್ಲ.

ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ. ಗಾಜಿನ ಬಾಟಲಿಗೆ ತುಂಬಿದ ದಿನವೇ ಅದರ ವಯಸ್ಸು ನಿಂತುಬಿಡುತ್ತದೆ. 12 ವರ್ಷದ ವಿಸ್ಕಿ ಮನೆಯಲ್ಲಿ ಇನ್ನೂ 10 ವರ್ಷ ಕೂತರೂ 12 ವರ್ಷದ್ದೇ.

ಪೀಪಾಯಿಯಲ್ಲೂ ವರ್ಷವೊಂದೇ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಬರ್ಬನ್ ಎಂಬ ವಿಸ್ಕಿಗೆ ಕಾನೂನಿನ ಪ್ರಕಾರ ಕನಿಷ್ಠ 51% ಮೆಕ್ಕೆಜೋಳ ಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕು. ಹೊಸ ಮರ ವೆನಿಲ್ಲಾ, ಕ್ಯಾರಮೆಲ್ ಪರಿಮಳವನ್ನು ಬೇಗ ಬಿಟ್ಟುಕೊಡುತ್ತದೆ. ತೀರಾ ಹೆಚ್ಚು ಕಾಲ ಇಟ್ಟರೆ ಒಗರು ಏರಿ ಧಾನ್ಯದ ಸಿಹಿಯೇ ಮರೆಯಾಗಬಹುದು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಗಳು ಬಹುಪಾಲು ಒಮ್ಮೆ ಬಳಸಿದವು, ಹವೆಯೂ ತಂಪು. ಹಾಗಾಗಿ ಅಲ್ಲಿ ಎಲ್ಲವೂ ನಿಧಾನ, ಆವಿಯಾಗಿ ಹೋಗುವುದು ವರ್ಷಕ್ಕೆ ಸುಮಾರು 2%. ಬೆಂಗಳೂರಿನ ಬಿಸಿಲಿಗೆ ಅಲ್ಲಿನ ವಿಸ್ಕಿ ತಯಾರಕ ಅಮೃತ್ ಕಂಪನಿಯ ಗೋದಾಮಿನಲ್ಲಿ ಅದು ಸುಮಾರು 10% ದಾಟುತ್ತದೆ. ಆ ಕಾರಣಕ್ಕೇ ಅವರ ಬಹುತೇಕ ಸಿಂಗಲ್ ಮಾಲ್ಟ್‌ಗಳು (ಒಂದೇ ಕಾರ್ಖಾನೆಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ನಾಲ್ಕೈದು ವರ್ಷಕ್ಕೇ ಬಾಟಲಿ ಸೇರುತ್ತವೆ. ಜಗತ್ತಿನಾದ್ಯಂತ ಹೆಸರು ಮಾಡಿದ್ದೂ ಅವೇ. ಕನ್ನಡಿಗರು ಹೆಮ್ಮೆಪಡಬೇಕಾದ ಕಸುಬಿದು.

ಕುಡಿಯುವ ಅಭ್ಯಾಸ ಇರುವವರು ತಮ್ಮ ರುಚಿ ಯಾವುದೆಂದು ತಿಳಿಯಲು ಲೇಬಲ್ಲಿನ ಸಂಖ್ಯೆಗಿಂತ ಧಾನ್ಯವನ್ನು ಗಮನಿಸುವುದು ಮೇಲು. ಮೇಕರ್ಸ್ ಮಾರ್ಕ್ ಬರ್ಬನ್‌ನಲ್ಲಿ ರೈ ಎಂಬ ಧಾನ್ಯದ ಬದಲು ಗೋಧಿ ಇರುವುದರಿಂದ ನಾಲಿಗೆಗೆ ಮೆತ್ತಗೆ. ಬುಲ್ಲೆಟ್ ಬರ್ಬನ್‌ನಲ್ಲಿ ರೈ ಹೆಚ್ಚು, ಕಾಳುಮೆಣಸಿನಂಥ ಚುರುಕು. ಎರಡನ್ನೂ ಒಂದೊಂದು ಗುಟುಕಿನಷ್ಟು ಅಕ್ಕಪಕ್ಕ ಇಟ್ಟು ಮೂಸಿ ನೋಡಿ. ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸಿ, ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ.