ಮೂರೋ ಎಂಟೋ

ಮಗಳು ಟೆಕ್ಸಾಸ್‌ನಿಂದ ಫೋನ್ ಮಾಡಿದಾಗ ನಾನು ಕಣದಲ್ಲಿ ಕಾಫಿ ಹರಡಿಸುತ್ತಿದ್ದೆ. "ಅಪ್ಪಾ, ಎರಡು ಫೋಟೊ ಕಳಿಸಿದೀನಿ. ಯಾವುದು ತಗೊಳ್ಳಲಿ ಹೇಳು" ಅಂದಳು. ಸೀರೆ ಇರಬಹುದು ಅಂದುಕೊಂಡು ಕನ್ನಡಕ ಹಾಕಿ ನೋಡಿದರೆ ಪಿಸ್ತೂಲಿನ ಫ್ರೇಮು! ಹಿಡಿ, ಟ್ರಿಗರ್ ಎಲ್ಲ ಕೂರುವ ಮೈಭಾಗ.

ಗ್ರೀನ್ ಕಾರ್ಡ್ ಬಂದ ಮೇಲೆ ಅವಳಿಗೆ ಶೂಟಿಂಗ್ ರೇಂಜಿನ ಚಟ ಹತ್ತಿದೆ. ಇರೋದು ಗ್ಲಾಕ್ 19, ಒಂಬತ್ತು ಎಂಎಂ. ಅದರ ಮ್ಯಾಗಜೀನಿನಲ್ಲಿ 15 ಗುಂಡು ಎರಡು ಸಾಲಾಗಿ ಕೂರುತ್ತವೆ. ಹಾಗಾಗಿ ಹಿಡಿ ದಪ್ಪ. ಇವಳದ್ದು ನಮ್ಮಮ್ಮನ ಕೈ, ಚಿಕ್ಕದು. ಟ್ರಿಗರ್‌ಗೆ ಬೆರಳು ಎಟುಕಿಸಲು ಹೋದರೆ ಹಿಡಿತ ತಿರುಗುತ್ತದಂತೆ. ಅದಕ್ಕೇ ಫ್ರೇಮ್ ಬದಲಾಯಿಸೋಣ ಅಂತ ಹೊರಟಿದ್ದಾಳೆ. ಜೊತೆಗೆ ಇನ್ನೊಂದು ಮಾತು ಸೇರಿಸಿದಳು. "ಮುಂದಿನ ವರ್ಷ ಹೇಗೂ ತೋಟ ನೋಡ್ಕೊಳ್ಳೋಕೆ ಬರ್ತೀವಲ್ಲ, ಆಗ ಇದನ್ನೂ ತರ್ತೀನಿ. ಅಲ್ಲಿ ತೊಂದರೆ ಆಗದಂಥ ಫ್ರೇಮ್ ಯಾವುದು ನೋಡು."

ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ಬರಲಿಲ್ಲ. ಕಾರಣ ಇದೆ, ಹೇಳ್ತೀನಿ.

ನಮ್ಮಪ್ಪನ ಕಾಲದ ಒಂದು .32 ಪಿಸ್ತೂಲು ನಮ್ಮ ಮನೆಯಲ್ಲಿದೆ. ವೆಬ್ಲಿ ಅಂಡ್ ಸ್ಕಾಟ್, ಇಂಗ್ಲೆಂಡಿನದು. ಒಂದೇ ಸಾಲಿನಲ್ಲಿ ಎಂಟು ಗುಂಡು, ತೆಳ್ಳಗಿನ ಹಿಡಿ. ಅಪ್ಪ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ನಾನು ಅದರಿಂದ ಹೊಡೆದಿದ್ದು ಒಟ್ಟು ಹತ್ತು ಗುಂಡೂ ಇರಲಿಕ್ಕಿಲ್ಲ. ಆನೆ ಬಂದರೆ ಪಟಾಕಿ, ಹಂದಿ ಬಂದರೆ ನಾಯಿ, ಮಂಗ ಬಂದರೆ ದೇವರೇ ಗತಿ. ಪಿಸ್ತೂಲಿಗೆ ಎಲ್ಲಿಯ ಕೆಲಸ? ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಇಟ್ಟು ರಸೀದಿ ತಗೊಂಡು ಬರೋದು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರೋದು. ಅದರ ಓಡಾಟ ಅಷ್ಟೇ.

ತಪ್ಪು ನನ್ನದೇ. ಅಪ್ಪ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ನಾನು ಚೆಂದ ಕಾಣಲಿ ಅಂತ ಚರ್ಮದ ಕೇಸ್ ಹೊಲಿಸಿ ಅದರೊಳಗೆ ಹಾಕಿ ಬೀರುವಿನಲ್ಲಿಟ್ಟೆ. ಸಕಲೇಶಪುರದ ಮಳೆ ಗೊತ್ತಲ್ಲ. ಜೂನಿನಲ್ಲಿ ಉಪ್ಪಿನ ಡಬ್ಬಿಯೇ ಕರಗುತ್ತದೆ. ಚರ್ಮ ತೇವ ಹೀರಿ ಹಿಡಿದುಕೊಂಡು ಕೂತಿತು. ಗೌರಿ ಹಬ್ಬದ ಹೊತ್ತಿಗೆ ತೆಗೆದು ನೋಡಿದರೆ ಫ್ರೇಮಿನ ಒಂದು ಮೈ ಪೂರಾ ಕೆಂಪು. ಸೀಮೆಎಣ್ಣೆ ಹಚ್ಚಿ ತಿಕ್ಕಿದೆ. ತುಕ್ಕು ಹೋಯಿತು, ಜೊತೆಗೆ ಒಂದಿಷ್ಟು ಕಬ್ಬಿಣವೂ ಹೋಯಿತು. ಅಲ್ಲೇ ಇತ್ತು ಪಿಸ್ತೂಲಿನ ಗುರುತಿನ ನಂಬರು.

ಮುಂದಿನ ರಿನೀವಲ್‌ಗೆ ಪರಿಶೀಲನೆಗೆ ಕೊಟ್ಟಾಗ ಶುರುವಾಯಿತು. ಲೈಸೆನ್ಸ್ ಬುಕ್ಕಿನಲ್ಲಿ ಕೊನೆಯ ಅಂಕಿ ಮೂರು. ಪಿಸ್ತೂಲಿನ ಮೇಲೆ ಅದು ಎಂಟು ಅಂತ ಕಾಣುತ್ತದೆ. ಮೂರರ ಎಡಬದಿಯಲ್ಲಿ ತುಕ್ಕು ತಿಂದ ಗುಂಡಿ ಸರಿಯಾಗಿ ಎಂಟರ ಹೊಟ್ಟೆ ಮುಚ್ಚಿಕೊಂಡಿದೆ. ಒಬ್ಬರು ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. ಇನ್ನೊಬ್ಬರು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರು. ಆಮೇಲೆ ಯಾರೋ ತಿಳಿದವರು ಮುಖಕ್ಕೆ ಹಚ್ಚುವ ಪೌಡರ್ ತರಿಸಿ ಅಂಕಿಗಳ ಮೇಲೆ ಉಜ್ಜಿ ಬೆರಳಿನಿಂದ ಒರೆಸಿದರು. ಕೊರೆದ ಜಾಗದಲ್ಲೆಲ್ಲ ಬಿಳಿ ನಿಂತಿತು. ಗುಂಡಿಯಲ್ಲೂ ನಿಂತಿತು. ಮತ್ತೆ ಎಂಟೇ!

ಮೂರು ಮೂರೇ ಅಂತ ಸಾಬೀತು ಮಾಡಲು ನನಗೆ ಏಳು ತಿಂಗಳು ಹಿಡಿಯಿತು. ಅಫಿಡವಿಟ್, ಅಪ್ಪನ ಹಳೇ ಬುಕ್ಕಿನ ಜೆರಾಕ್ಸ್, ಹಾಸನಕ್ಕೆ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ಒಂದು ಕಡೆ "ಫೈಲು ಮೇಲಕ್ಕೆ ಹೋಗಿದೆ" ಅನ್ನುತ್ತಿದ್ದರು. ಮೇಲೆ ಹೋದರೆ "ಕೆಳಗೆ ಕಳಿಸಿದ್ದೀವಿ". ಆ ಏಳು ತಿಂಗಳೂ ನಾನು ಕಳ್ಳ ಪಿಸ್ತೂಲು ಇಟ್ಟುಕೊಂಡವನ ಹಾಗೆ ತಲೆ ತಗ್ಗಿಸಿ ಓಡಾಡಿದ್ದೇನೆ.

ಆಗ ಗನ್ ಅಂಗಡಿಯವರನ್ನು ಕೇಳಿದ್ದೆ, ಈ ಫ್ರೇಮ್ ಬದಲಾಯಿಸಿಬಿಡಬಹುದಾ ಅಂತ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾರ್, ನಂಬರ್ ಇರೋದೇ ಫ್ರೇಮಿನ ಮೇಲೆ. ಅದನ್ನ ತೆಗೆದ ಮೇಲೆ ನಿಮ್ಮ ಪಿಸ್ತೂಲು ಎಲ್ಲಿರುತ್ತೆ?" ಸರಿಯಾದ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ನಂಬರ್ ಅಳಿಸಿದರೆ, ತಿದ್ದಿದರೆ ಅದೇ ಒಂದು ಅಪರಾಧ. ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಕೊನೆಗೆ ಅವರು ಮಾಡಿಕೊಟ್ಟಿದ್ದು ಒಡೆದ ಹಿಡಿಗೆ ಎರಡು ಮರದ ಪ್ಲೇಟು ಮಾತ್ರ. ಬೀಟೆ ಮರ. ಕೇಳುವ ಮೊದಲೇ ಹೇಳಿಬಿಡ್ತೀನಿ, ಅದು ಅಜ್ಜನ ಮುರಿದ ಕುರ್ಚಿಯ ಕೈ. ಯಾವ ಮರವನ್ನೂ ಕಡಿದಿಲ್ಲ.

ಈಗ ಮಗಳ ಫೋಟೊಗೆ ಬರೋಣ. ಅಮೆರಿಕದಲ್ಲೂ ಕಾನೂನಿನ ಕಣ್ಣಿಗೆ ಫ್ರೇಮೇ ಪಿಸ್ತೂಲು. ನಳಿಗೆ, ಸ್ಲೈಡು, ಸ್ಪ್ರಿಂಗು ಅಂಚೆಯಲ್ಲಿ ಮನೆಗೇ ಬರುತ್ತವೆ. ಫ್ರೇಮ್ ಬೇಕು ಅಂದರೆ ಡೀಲರ್ ಹತ್ತಿರ ಹೋಗಿ ಫಾರಂ ತುಂಬಿ ತಪಾಸಣೆ ಮುಗಿಸಬೇಕು. ಅವಳ ಒಂದು ಫೋಟೊದಲ್ಲಿದ್ದದ್ದು ಅಂಥ ಫ್ರೇಮು. ಇನ್ನೊಂದು ಸಿಗ್ ಪಿ320 ಅನ್ನೋ ಬೇರೆಯೇ ಪಿಸ್ತೂಲು. ಅದರಲ್ಲಿ ನಂಬರ್ ಇರೋದು ಒಳಗಿನ ಒಂದು ಪುಟ್ಟ ಉಕ್ಕಿನ ಚೌಕಟ್ಟಿನ ಮೇಲೆ. ಹೊರಗಿನ ಪ್ಲಾಸ್ಟಿಕ್ ಹಿಡಿ ಬರೀ ಅಂಗಿ ಇದ್ದಂತೆ. ಚಿಕ್ಕದು ಬೇಕಾ, ದೊಡ್ಡದು ಬೇಕಾ, ತರಿಸಿ ಹಾಕಿಕೊಳ್ಳಬಹುದು. ಅವಳ ಕೈಗೆ ಅದೇ ಸರಿ ಅಂತ ನನಗೂ ಅನ್ನಿಸಿತು, ಹಾಗೇ ಹೇಳಿದೆ. ಅಲ್ಲಿ ಇಟ್ಟುಕೊಳ್ಳುವುದಾದರೆ.

ಇಲ್ಲಿಗೆ ತರೋದಾದರೆ ಯಾವ ಫ್ರೇಮ್ ಹಾಕಿದರೂ ಒಂದೇ. ಬೋರ್ ಅಂದರೆ ನಳಿಗೆಯ ಒಳ ಅಳತೆ. ಒಂಬತ್ತು ಎಂಎಂ ನಮ್ಮಲ್ಲಿ ನಿಷೇಧಿತ ಬೋರ್. ಹೆಚ್ಚಾಗಿ ಪೊಲೀಸರಿಗೆ, ಸೈನ್ಯಕ್ಕೆ. ವಿದೇಶದಿಂದ ವಾಸ ಬದಲಾಯಿಸಿ ಬರುವವರಿಗೆ ಒಂದೇ ಒಂದು ಬಂದೂಕು ತರಲು ಅವಕಾಶ ಇದೆ. ಅದು ಅನುಮತಿ ಇರುವ ಬೋರ್ ಆಗಿರಬೇಕು. ಅಲ್ಲಿ ಒಂದು ವರ್ಷವಾದರೂ ಸ್ವಂತ ಬಳಕೆಯಲ್ಲಿ ಇರಬೇಕು. ಇಲ್ಲಿಯ ಲೈಸೆನ್ಸ್ ಕೈಯಲ್ಲಿರಬೇಕು, ಸುಂಕ ಕಟ್ಟಬೇಕು, ಆಮೇಲೆ ಜೀವ ಇರೋವರೆಗೂ ಮಾರುವ ಹಾಗಿಲ್ಲ. "ಹಾಗಾದ್ರೆ ಇದಕ್ಕೇ .32 ನಳಿಗೆ ಹಾಕಿಸಿದ್ರೆ?" ಅಂದಳು. ಅದು ಚಪ್ಪಲಿಯ ಉಂಗುಷ್ಠ ಬದಲಾಯಿಸಿದ ಹಾಗಲ್ಲ ಮಾರಾಯ್ತಿ. .32 ಗುಂಡಿನ ಉದ್ದ 25 ಮಿಲಿಮೀಟರ್, ಒಂಬತ್ತು ಎಂಎಂ ಗುಂಡಿನದು ಹತ್ತಿರ ಹತ್ತಿರ 30. ಮ್ಯಾಗಜೀನ್ ಬೇರೆ, ಸ್ಲೈಡ್ ಬೇರೆ, ಒಳಗಿನ ಲಾಕು ಕೆಲಸ ಮಾಡುವ ರೀತಿಯೇ ಬೇರೆ.

ನನ್ನ ತಕರಾರು ಇಲ್ಲಿ. ಬಂದೂಕಿಗೆ ಬಿಗಿ ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ಅಂಚೆಯಲ್ಲಿ ನಳಿಗೆ ಬರುವ ಊರು ನಮ್ಮದಾಗೋದು ಬೇಡವೇ ಬೇಡ. ಆದರೆ ಬೋರಿನ ಹೆಸರು ಹಿಡಿದು ಪಟ್ಟಿ ಮಾಡೋದರಿಂದ ಏನು ಸಿಕ್ಕಿದೆ? ಬ್ರಿಟಿಷರು ತಮ್ಮ ಕಾಲದಲ್ಲಿ .450 ಬೋರ್ ಇಂಡಿಯಾಕ್ಕೆ ಬರಬಾರದು ಅಂದರು. ದಂಗೆಯವರ ಕೈಯಲ್ಲಿದ್ದ ಹಳೇ ಮಾರ್ಟಿನಿ-ಹೆನ್ರಿ ರೈಫಲಿಗೆ ಗುಂಡು ಸಿಕ್ಕೀತು ಅನ್ನೋ ಭಯ. ಇಂಗ್ಲೆಂಡಿನ ಕಂಪನಿಯವರು ಏನು ಮಾಡಿದರು? .465, .470, .475 ಅಂತ ಹೊಸವನ್ನು ತಂದರು. ಹುಲಿ ಹೊಡೆಯುವ ದೊರೆಗಳಿಗೆ ಒಂದು ದಿನವೂ ತೊಂದರೆ ಆಗಲಿಲ್ಲ.

ಇಟಲಿಯದ್ದು ಇನ್ನೂ ಚೆನ್ನಾಗಿದೆ. ಅಲ್ಲಿ ಒಂಬತ್ತು ಎಂಎಂ ಅಂದರೆ ಯುದ್ಧದ ಗುಂಡು, ಜನರಿಗೆ ಇಲ್ಲ ಅಂತ ಬಹಳ ಕಾಲ ಇತ್ತು. ಅದಕ್ಕೆ 9x21 ಅಂತ ಹೊಸ ಗುಂಡು ಬಂತು. ಮದ್ದು ತುಂಬುವ ಹಿತ್ತಾಳೆ ಕೋಶ ಎರಡು ಮಿಲಿಮೀಟರ್ ಹೆಚ್ಚು ಉದ್ದ, ತುದಿಯ ಗುಂಡನ್ನು ಅಷ್ಟೇ ಒಳಕ್ಕೆ ಕೂರಿಸಿದ್ದಾರೆ. ಒಟ್ಟು ಉದ್ದ ಹೆಚ್ಚು ಕಡಿಮೆ ಅದೇ, ಹೊಡೆತವೂ ಅದೇ. ಎರಡು ಮಿಲಿಮೀಟರ್ ಹಿತ್ತಾಳೆಯಲ್ಲಿ ಕಾನೂನು ಸಮಾಧಾನ ಆಯಿತು! ಕೊನೆಗೆ 2021ರಲ್ಲಿ ಕಾನೂನು ಬದಲಿಸಿ ಒಂಬತ್ತು ಎಂಎಂಗೇ ಒಪ್ಪಿಗೆ ಕೊಟ್ಟರು.

ನಮ್ಮಲ್ಲಿ .303 ಸೈನ್ಯದ್ದಾಗಿತ್ತು, ಆದ್ದರಿಂದ ಜನರಿಗೆ .315. ಇವತ್ತು ಉತ್ತರದ ಕಡೆ ಪೊಲೀಸರು ಹಿಡಿಯುವ ಕಟ್ಟಾಗಳಲ್ಲಿ, ಅಂದರೆ ಕದ್ದು ಮಾಡುವ ನಾಡ ಪಿಸ್ತೂಲುಗಳಲ್ಲಿ, ಎಷ್ಟೋ ಅದೇ .315 ಗುಂಡಿಗೆ ಮಾಡಿದವು. ಕಟ್ಟಾ ಮಾಡುವವನು ಬೋರಿನ ಪಟ್ಟಿ ಓದಿಕೊಂಡು ಕೂರೋದಿಲ್ಲ. ಅವನ ಮಾಲಿಗೆ ನಂಬರೇ ಇರೋದಿಲ್ಲ.

ಸೈನ್ಯದ ಗುಂಡು ಕದ್ದರೂ ಹೊರಗೆ ಉಪಯೋಗಕ್ಕೆ ಬರಬಾರದು, ಅದಕ್ಕೇ ಈ ನಿಯಮ ಅಂತ ನಿವೃತ್ತ ಪೊಲೀಸ್ ಗೆಳೆಯರೊಬ್ಬರು ವಾದ ಮಾಡಿದರು. ಒಪ್ಪುತ್ತೇನೆ, ಅದರಲ್ಲಿ ಅರ್ಥ ಇದೆ. ಆದರೂ ನನ್ನ ಮಟ್ಟಿಗೆ ನೋಡಬೇಕಾದ್ದು ನಂಬರು, ಮತ್ತೆ ನಂಬರಿನ ಹಿಂದಿರುವ ಮನುಷ್ಯ. ಅಮೆರಿಕದವರೂ ಪೆಟ್ಟು ತಿಂದು ಇಲ್ಲಿಗೇ ಬಂದರು. ಅರೆಬರೆ ತಯಾರಿಸಿದ, ನಂಬರಿಲ್ಲದ ಫ್ರೇಮುಗಳನ್ನು ಕಿಟ್ ಮಾಡಿ ಮಾರುತ್ತಿದ್ದರು. ಅವಕ್ಕೂ ನಂಬರ್ ಬೇಕು ಅಂತ 2022ರಲ್ಲಿ ನಿಯಮ ತಂದರು, 2025ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನು ನಮ್ಮ ಪಕ್ಕದಲ್ಲೇ, ಯಸಳೂರು ದಾಟಿ ಕೊಡ್ಲಿಪೇಟೆಗೆ ಹೋದರೆ ಕೊಡಗು. ಅಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಆಕಾಶ ಏನೂ ಬಿದ್ದಿಲ್ಲ. ಅಲ್ಲಿ ನಂಬಿದ್ದು ಮನುಷ್ಯನನ್ನು, ಅಲ್ವಾ?

ನಂಬರೇ ಮುಖ್ಯ ಅನ್ನೋನು ಏಳು ತಿಂಗಳು ಅಲೆದಿದ್ದಕ್ಕೆ ಯಾಕೆ ಗೊಣಗುತ್ತೀಯ ಅಂತ ನನ್ನ ಹೆಂಡತಿ ಕೇಳಿದಳು. ಹುಡುಕಿ ನೋಡಿದ್ದಕ್ಕೆ ಗೊಣಗುತ್ತಿಲ್ಲ. ಪೌಡರ್ ಹಚ್ಚಿ ನೋಡಿದವರಿಗೆ ಕೈ ಮುಗಿಯುತ್ತೇನೆ. ಹಳೇ ರಿಜಿಸ್ಟರ್ ತೆಗೆದು ನೋಡಿದ್ದರೆ ಒಂದು ದಿನದ ಕೆಲಸ, ಅದಕ್ಕೆ ನನ್ನ ಗೊಣಗಾಟ.

ಮಗಳು ಗ್ಲಾಕ್ ಅನ್ನು ಅಲ್ಲೇ ಮಾರಿ ಬರುತ್ತಾಳಂತೆ. ಹೊಸ ಫ್ರೇಮೂ ಬೇಡ ಅಂದಳು. "ತಾತನ ಪಿಸ್ತೂಲು ನನ್ನ ಹೆಸರಿಗೆ ಆಗುತ್ತಾ?" ಅಂತ ಕೇಳಿದಳು. 2016ರ ನಿಯಮದಲ್ಲಿ ದಾರಿ ಇದೆ. ಲೈಸೆನ್ಸ್‌ದಾರನಿಗೆ 70 ತುಂಬಿದ್ದರೆ, ಇಲ್ಲವೇ 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ಕೊಡಬಹುದು. ನನಗಿನ್ನೂ 66, ಆದರೆ 25 ವರ್ಷ ದಾಟಿ ಬಹಳ ಕಾಲ ಆಯಿತು.

ನಿನ್ನೆ ರಾತ್ರಿ ಬಿಳಿ ಹಾಳೆಯ ಮೇಲೆ ಕೈ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೊ ಕಳಿಸಿದ್ದಾಳೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬೀಟೆ ಪ್ಲೇಟನ್ನು ಅದರ ಪಕ್ಕ ಹಿಡಿದು ನೋಡಿದೆ. ಏನೂ ಕೆತ್ತಬೇಕಾಗಿಲ್ಲ. ಸೋಮವಾರ ಫಾರಂ ತರಲು ಹಾಸನಕ್ಕೆ ಹೋಗಬೇಕು, ಮಳೆ ಹಿಡಿಯದಿದ್ದರೆ. ಬುಕ್ಕಿನ ಜೊತೆ ಆ ಏಳು ತಿಂಗಳ ಫೈಲನ್ನೂ ಚೀಲಕ್ಕೆ ಹಾಕಿಟ್ಟಿದ್ದೇನೆ.